ಮೊದಲು ಚಿತ್ರ, ಆಮೇಲೆ ಆಟ, ಕೊನೆಗೆ ಬರಹ

ಮೂರು ಪಟ್ಟಿಯ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ: ಕತ್ತಿ ಹಿರಿದ ವೀರ, ಎದುರಿಗೆ ಬಿಲ್ಲುಗಾರರು, ತುರುಗಾಳಗವಾದರೆ ಮೂಲೆಯಲ್ಲಿ ಒಂದೆರಡು ಹಸು. ನಡುವಿನ ಪಟ್ಟಿಯಲ್ಲಿ ಅದೇ ವೀರನನ್ನು ಅಪ್ಸರೆಯರು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನದರಲ್ಲಿ ಅವನು ಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕೂತಿದ್ದಾನೆ. ಚಿಕ್ಕಬಳ್ಳಾಪುರ ಜಿಲ್ಲೆಯ ಹೊಲದ ಬದುಗಳಲ್ಲಿ, ಕೆರೆ ಏರಿಯ ಮಗ್ಗುಲಲ್ಲಿ, ಹುಣಸೆ ಮರದ ಬುಡದಲ್ಲಿ ಹಳೆಯ ಕಾಲದ ವೀರಗಲ್ಲುಗಳು ನಿಂತಿವೆ. ಅರಿಸಿನ ಕುಂಕುಮ ಹಚ್ಚಿಸಿಕೊಂಡು ದೇವರಾದವೂ ಇವೆ, ಅರ್ಧ ಮಣ್ಣಲ್ಲಿ ಹೂತುಹೋದವೂ ಇವೆ.

ನಾನು ಸರ್ಕಾರಿ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕಿ. ಶನಿವಾರಗಳಲ್ಲಿ, ಬೇಸಿಗೆ ರಜೆಯಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯ ಊರುಗಳಲ್ಲಿ ಮಕ್ಕಳಿಗೆ ಕಥೆ ಕಟ್ಟುವುದನ್ನು ಹೇಳಿಕೊಡುತ್ತೇನೆ. ಊರಲ್ಲಿ ವೀರಗಲ್ಲು ಇದ್ದರೆ ಪಾಠ ಅದರ ಮುಂದೆಯೇ ಶುರು. "ಈ ಪಟ್ಟಿಗೂ ಮೇಲಿನ ಪಟ್ಟಿಗೂ ನಡುವೆ ಏನಾಯ್ತು?" ಎಂದು ಕೇಳುತ್ತೇನೆ. ಒಂದು ಊರಿನಲ್ಲಿ ಆರನೇ ತರಗತಿಯ ಹುಡುಗ ಕಲ್ಲಿನ ಹತ್ತಿರ ಮುಖ ಇಟ್ಟು ನೋಡಿ, "ಸತ್ತೋದ ಮಿಸ್. ಅದನ್ನ ಮಾತ್ರ ಕೆತ್ತೇ ಇಲ್ಲ" ಎಂದ.

ಕಾಮಿಕ್ಸ್‌ನ ಮುಖ್ಯ ಪಾಠ ಆ ಹುಡುಗನ ಮಾತಿನಲ್ಲೇ ಇದೆ. ಎಲ್ಲವನ್ನೂ ತೋರಿಸಬೇಕಾಗಿಲ್ಲ. ಒಂದು ಚೌಕಕ್ಕೂ ಇನ್ನೊಂದಕ್ಕೂ ನಡುವೆ ಖಾಲಿ ಬಿಟ್ಟ ಜಾಗದಲ್ಲಿ ಏನು ನಡೆಯಿತು ಎಂಬುದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ ಈ ಕಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ವಿವರಿಸಲು 1993ರಲ್ಲಿ ಒಂದು ಪುಸ್ತಕ ತಂದರು. ಅದೂ ಕಾಮಿಕ್ಸ್ ರೂಪದಲ್ಲೇ ಇದೆ. ಎರಡು ಚೌಕಗಳ ನಡುವಿನ ಆ ಕಿರಿದಾದ ಬಿಳಿ ಜಾಗದ ಬಗ್ಗೆ ಅದರಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವುದು ಬಂದರೆ ಮಗುವಿಗೆ ಕಥೆ ಬಂತು ಎಂದೇ ಅರ್ಥ. ವೀರಗಲ್ಲು ಕಡೆದ ಶಿಲ್ಪಿಗೆ ಅದು ಬರುತ್ತಿತ್ತು.

ಗೌರಿಬಿದನೂರಿನ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಹಿಂದೂಪುರ ದಾಟಿದರೆ ಲೇಪಾಕ್ಷಿ. ಅಲ್ಲಿನ ವೀರಭದ್ರ ದೇವಾಲಯದ ಮಂಟಪದ ಮಾಳಿಗೆಯ ಒಳಮೈ ತುಂಬ ವಿಜಯನಗರ ಕಾಲದ, 16ನೇ ಶತಮಾನದ ವರ್ಣಚಿತ್ರಗಳು. ಉದ್ದನೆಯ ಪಟ್ಟಿಗಳಲ್ಲಿ ಕಥೆ ಸಾಗುತ್ತದೆ. ಕಿರಾತಾರ್ಜುನೀಯದಲ್ಲಿ ಅರ್ಜುನ ಒಮ್ಮೆ ತಪಸ್ಸಿಗೆ ನಿಂತಿರುತ್ತಾನೆ, ಸ್ವಲ್ಪ ಮುಂದೆ ಹೋದರೆ ಅವನೇ ಬಿಲ್ಲೆತ್ತಿರುತ್ತಾನೆ. ನಡುವೆ ಗೆರೆ ಎಳೆದು ಚೌಕ ಮಾಡಿಲ್ಲ. ಅದೇ ಮನುಷ್ಯ ಮತ್ತೆ ಕಾಣಿಸಿಕೊಂಡ ಎಂದರೆ ಹೊತ್ತು ಮುಂದಕ್ಕೆ ಹೋಯಿತು ಎಂದು ತಿಳಿಯಬೇಕು. ಕರು ಸತ್ತ ಹಸುವಿಗೆ ನ್ಯಾಯ ಕೊಟ್ಟ ಮನುನೀತಿ ಚೋಳನ ಕಥೆಯೂ ಅಲ್ಲಿದೆ. ಕತ್ತು ಮೇಲೆತ್ತಿ ಆ ಪಟ್ಟಿಯ ಉದ್ದಕ್ಕೂ ನಡೆದು ಬಂದ ಮಕ್ಕಳಿಗೆ 'ಕಾಮಿಕ್ಸ್ ಎಂದರೇನು' ಎಂದು ಬೇರೆ ಪಾಠ ಮಾಡಬೇಕಾಗುವುದಿಲ್ಲ.

ಈ ಕಲೆ ಹೊರದೇಶದಿಂದ ಬಂದದ್ದು, ಓದುವ ಹುಡುಗರನ್ನು ಕೆಡಿಸುತ್ತದೆ ಎನ್ನುವವರು ಇಂದಿಗೂ ಇದ್ದಾರೆ. ಮುದ್ರಣದ ಕಾಮಿಕ್ಸ್ ಯುರೋಪಿನಲ್ಲಿ ಹುಟ್ಟಿದ್ದು ನಿಜ. ಆದರೆ ಅದನ್ನು ಮೊದಲು ಬರೆದವರಲ್ಲಿ ಮುಖ್ಯರಾದ ರೊಡೋಲ್ಫ್ ಟೋಫರ್ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ವಸತಿ ಶಾಲೆ ನಡೆಸುತ್ತಿದ್ದ ಮೇಷ್ಟ್ರು. ಸುಮಾರು 200 ವರ್ಷದ ಹಿಂದೆ ಅವರು ತಮ್ಮ ವಿದ್ಯಾರ್ಥಿಗಳನ್ನು ನಗಿಸಲೆಂದು ಚೌಕ ಚೌಕವಾಗಿ ಚಿತ್ರ ಬರೆದು ಕೆಳಗೆ ಎರಡು ಸಾಲು ಸೇರಿಸುತ್ತಿದ್ದರು. ಕಾಮಿಕ್ಸ್ ಶಾಲೆಯಲ್ಲೇ ಹುಟ್ಟಿದೆ ಎಂದರೆ ತಪ್ಪಲ್ಲ.

ಕನ್ನಡಕ್ಕೂ ಈ ಚರಿತ್ರೆಯಲ್ಲಿ ದೊಡ್ಡ ಪಾಲಿದೆ. ಅಮರ ಚಿತ್ರಕಥೆ ಎಂದರೆ ಇಂಗ್ಲಿಷ್, ಹಿಂದಿ ಎಂದೇ ಬಹಳ ಜನ ತಿಳಿದಿದ್ದಾರೆ. ಆ ಹೆಸರಿನ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ, 1965ರಲ್ಲಿ. ಬೆಂಗಳೂರಿನಲ್ಲಿ ಪುಸ್ತಕ ಮಾರಾಟದ ಕೆಲಸದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಮೊದಲು ಬಂದವು ವಿದೇಶಿ ಕಿನ್ನರ ಕಥೆಗಳು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಪುರಾಣ, ಇತಿಹಾಸದ ಕಥೆಗಳನ್ನು ಕೈಗೆತ್ತಿಕೊಂಡರು. ಅವರ 'ಕೃಷ್ಣ' ಪುಸ್ತಕದ ಸಂಖ್ಯೆ 11 ಆಗಿದ್ದಕ್ಕೆ ಕಾರಣ ಹಿಂದೆ ಬಂದಿದ್ದ ಆ ಹತ್ತು ಕಿನ್ನರ ಕಥೆಗಳು. ನಮ್ಮ ತಲೆಮಾರಿನವರು ಚಂದಮಾಮದ ಚಿತ್ರಗಳನ್ನು, ಬಾಲಮಂಗಳದ ಡಿಂಗನನ್ನು ನೋಡುತ್ತಲೇ ಅಕ್ಷರ ಕೂಡಿಸಿದವರು. ಎಂ.ಟಿ.ವಿ. ಆಚಾರ್ಯರು ಚಂದಮಾಮಕ್ಕೆ ಬರೆದ ಮಹಾಭಾರತದ ಮುಖಪುಟಗಳನ್ನು ಕತ್ತರಿಸಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮನೆಗಳನ್ನು ನಾನು ಕಂಡಿದ್ದೇನೆ.

ಹೀಗಿದ್ದರೂ ಶಾಲೆಯಲ್ಲಿ ಚಿತ್ರ ಬೇಗ ಹಿಂದೆ ಬೀಳುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು ರೂಪಿಸಿದ ನಲಿ-ಕಲಿ ಇಂದು ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳಲ್ಲಿದೆ. ಆ ಋಷಿವ್ಯಾಲಿ ನಮ್ಮ ಚಿಂತಾಮಣಿಗೆ ದೂರವಲ್ಲ, ಮದನಪಲ್ಲಿಯ ದಾರಿ. ನಲಿ-ಕಲಿಯಲ್ಲಿ ಕಾರ್ಡಿಗೊಂದು ಚಿತ್ರ, ಹಾಡು, ಆಟ, ಕಥೆ ಎಲ್ಲ ಇವೆ. ಮಗು ನಾಲ್ಕನೇ ತರಗತಿಗೆ ಬಂದ ಕೂಡಲೇ ಪುಸ್ತಕ ದಪ್ಪವಾಗುತ್ತದೆ, ಚಿತ್ರ ಮೂಲೆ ಸೇರುತ್ತದೆ, 'ಕಥೆ ಬರೆಯಿರಿ' ಎಂಬುದು ಐದು ಅಂಕದ ಪ್ರಶ್ನೆಯಾಗುತ್ತದೆ. ಮಗು ಗೈಡಿನಲ್ಲಿರುವ ಕಾಗೆ ನರಿಯ ಕಥೆಯನ್ನೇ ಇಳಿಸಿ, ಕೊನೆಗೆ 'ನೀತಿ' ಎಂದು ಅಡಿಗೆರೆ ಹಾಕುತ್ತದೆ.

ನಮ್ಮ ಕಡೆ ಇದರಿಂದ ಆಗುವ ನಷ್ಟ ಬೇರೆ ಕಡೆಗಿಂತ ಹೆಚ್ಚು. ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿ ಪಟ್ಟಣಗಳಲ್ಲಿ ಉರ್ದು ಆಡುವ ಮಕ್ಕಳೂ ಬಹಳ. ಬೀದಿಯಲ್ಲಿ ಎಲ್ಲ ಬೆರೆತ ಮಾತು, ಪುಸ್ತಕದಲ್ಲಿ ಮಾತ್ರ ಗ್ರಾಂಥಿಕ ಕನ್ನಡ. ಹಾಳೆ ಕೊಟ್ಟು ಕಥೆ ಬರೆ ಎಂದರೆ ಮಗು ಮೊದಲು ತಪ್ಪಿಗೆ ಹೆದರುತ್ತದೆ, ಒತ್ತಕ್ಷರಕ್ಕೆ ಹೆದರುತ್ತದೆ. ಕಥೆಗೆ ಸರದಿ ಬರುವುದೇ ಇಲ್ಲ. ಅದಕ್ಕೇ ನಾನು ಬರಹವನ್ನು ಕೊನೆಗೆ ಇಡುತ್ತೇನೆ. ಮಗು ಮೊದಲು ಕಥೆಯನ್ನು ಕಣ್ಣಿಂದ ಕಾಣಲಿ, ಕೈಯಿಂದ ಬಿಡಿಸಲಿ. ಆಮೇಲೆ ಮೈಯಿಂದ ಆಡಲಿ, ತನಗೆ ಬರುವ ಮಾತಿನಲ್ಲೇ ಆಡಲಿ. ಅಷ್ಟು ಹೊತ್ತಿಗೆ ಕಥೆ ಅದರ ಸ್ವಂತದ್ದಾಗಿರುತ್ತದೆ. ಸ್ವಂತದ ಕಥೆಯನ್ನು ಕನ್ನಡದಲ್ಲಿ ಬರೆಯಲು ಮಗು ತಾನಾಗಿಯೇ ಪದ ಕೇಳಿಕೊಂಡು ಬರುತ್ತದೆ.

ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯ ಶಿಬಿರದಲ್ಲಿ ಇದು ಹೇಗೆ ನಡೆಯಿತು ಎಂಬುದನ್ನು ವಿವರವಾಗಿ ಹೇಳುತ್ತೇನೆ.

ಅಲ್ಲಿನ ಮಕ್ಕಳಿಗೆ ರೇಷ್ಮೆ ಹುಳದ ಬಗ್ಗೆ ನಾನು ಹೇಳಿಕೊಡುವುದೇನೂ ಇಲ್ಲ. ಅವರೇ ನನಗೆ ಹೇಳಿಕೊಡುತ್ತಾರೆ. ಚಾಕಿ, ಎಂದರೆ ಎಳೆ ಹುಳ, ತಂದ ದಿನದಿಂದ ಹುಳ ಗೂಡು ಕಟ್ಟುವವರೆಗೆ ಮನೆಯವರಿಗೆ ನಿದ್ದೆ ಇಲ್ಲ. ಹುಳಕ್ಕೆ ನಾಲ್ಕು ಜ್ವರ. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟುವುದಿಲ್ಲ, ತಲೆ ಮೇಲೆತ್ತಿ ಅಲ್ಲಾಡದೆ ಕೂತಿರುತ್ತದೆ. ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಪೊರೆ ಬಿಟ್ಟು ಎದ್ದರೆ ಮತ್ತೆ ಹಸಿವು. ನಾಲ್ಕನೇ ಜ್ವರ ಕಳೆದ ಮೇಲಂತೂ ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು. ಆಮೇಲೆ ಹುಳ ಹಣ್ಣಾಗುತ್ತದೆ, ಮೈ ಪಾರದರ್ಶಕವಾಗುತ್ತದೆ, ಅದನ್ನು ಆರಿಸಿ ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಡುತ್ತಾರೆ. ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ದರೆ ಹರಾಜು. ಒಂದು ಬೆಳೆಯ ಗತಿ ಕೆಲವು ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ.

ಒಂದು ಹಾಳೆಯನ್ನು ಎರಡು ಸಲ ಮಡಿಸಿ ಬಿಡಿಸಿದರೆ ನಾಲ್ಕು ಮನೆ. ಮಕ್ಕಳಿಗೆ ನಾನು ಕೊಡುವ ನಿಯಮ ಒಂದೇ: ಮೊದಲ ಸುತ್ತಿನಲ್ಲಿ ಒಂದಕ್ಷರವನ್ನೂ ಬರೆಯಬಾರದು. ತರಗತಿಯಲ್ಲಿ ಬಾಯಿ ಬಿಡದ ಏಳನೇ ತರಗತಿಯ ಹುಡುಗಿಯೊಬ್ಬಳು ಅಂದು ಬಿಡಿಸಿದ್ದು ಹೀಗಿತ್ತು. ಮೊದಲ ಮನೆಯಲ್ಲಿ ಹುಳದ ತಟ್ಟೆ, ಸೊಪ್ಪು ಹರಡುತ್ತಿರುವ ಬಳೆ ತೊಟ್ಟ ಕೈ. ಎರಡನೆಯದರಲ್ಲಿ ಒಂದೇ ಒಂದು ಹುಳ, ಮನೆ ತುಂಬ, ತಲೆ ಎತ್ತಿಕೊಂಡು. ಮೂರನೆಯದರಲ್ಲಿ ಗೋಡೆಗೆ ಒರಗಿಸಿದ ಚಂದ್ರಿಕೆ, ತೂಗುವ ಬಲ್ಬು, ಕೂತಲ್ಲೇ ನಿದ್ದೆ ಹೋದ ಅಪ್ಪ. ನಾಲ್ಕನೆಯದು ಮಾರುಕಟ್ಟೆ: ಗೂಡು ತುಂಬಿದ ಕ್ರೇಟು, ಸುತ್ತ ಕಾಲುಗಳು, ಮೊಬೈಲ್ ಹಿಡಿದ ಒಂದು ಕೈ. ಯಾರ ಮುಖವೂ ಇಲ್ಲ.

"ಅಪ್ಪ ಇಲ್ವಾ ಇಲ್ಲಿ?" ಎಂದು ಕೇಳಿದೆ.

"ಅವ್ರೆ ಮಿಸ್. ಇದು ಅವರ ಕಾಲು. ಮುಖ ಬರೆದ್ರೆ ರೇಟು ಎಷ್ಟು ಬಂತು ಅಂತ ಗೊತ್ತಾಗೋಗುತ್ತೆ."

ಕಥೆಗಾರರು ವರ್ಷಗಟ್ಟಲೆ ಬರೆದು ಕಲಿಯುವುದನ್ನು ಅವಳು ಹಾಳೆ ಮಡಿಸಿದ ಮೊದಲ ಗಂಟೆಯಲ್ಲೇ ಮಾಡಿದ್ದಳು. ಓದುವವರನ್ನು ಕಾಯಿಸುವುದು ಹೇಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹರಾಜಿನ ದಿನ ಬಾಗಿಲಲ್ಲಿ ನಿಂತು ಅಪ್ಪನ ಮುಖ ನೋಡಲು ಕಾದವಳಿಗೆ ಅದು ಗೊತ್ತಿತ್ತು.

ಆ ಶಿಬಿರಕ್ಕೆ ಶಿಡ್ಲಘಟ್ಟ ಪಟ್ಟಣದಿಂದ ನೂಲು ಬಿಚ್ಚುವ ರೀಲರ್ ಮನೆಗಳ ಹುಡುಗರೂ ಬಂದಿದ್ದರು. ಅವರಲ್ಲೊಬ್ಬ ಅವಳ ಹಾಳೆ ನೋಡಿ, "ನಮ್ಮನೇಲಿ ಕಥೆ ಇಲ್ಲಿಂದ ಸ್ಟಾರ್ಟು" ಎಂದು ನಾಲ್ಕನೇ ಮನೆಯ ಮೇಲೆ ಬೆರಳಿಟ್ಟ. ತಾನೂ ನಾಲ್ಕು ಮನೆ ಬಿಡಿಸಿದ. ಗೂಡು ಮನೆಗೆ ಬರುತ್ತದೆ. ಕುದಿಯುವ ನೀರಲ್ಲಿ ಬೇಯುತ್ತದೆ. ಬಿಸಿನೀರಲ್ಲಿ ಎಳೆ ಹುಡುಕುವ ಅಬ್ಬಾನ ಬೆರಳುಗಳು, ತುದಿ ಬಿಳುಚಿ ಸುಕ್ಕಾದವು. ಕೊನೆಗೆ ರಾಟೆಯ ಮೇಲೆ ಹೊಳೆಯುವ ನೂಲು. ಎರಡು ಹಾಳೆಗಳನ್ನು ಪಕ್ಕಪಕ್ಕ ಅಂಟಿಸಿದೆವು. ನಡುವಿನ ಗೆರೆಯಲ್ಲಿ ಹರಾಜು ನಿಂತಿತು. ರೇಟು ಏರಿದರೆ ಅವಳ ಮನೆಯಲ್ಲಿ ಹಬ್ಬ, ಅವನ ಮನೆಯಲ್ಲಿ ಚಿಂತೆ, ಇಳಿದರೆ ತಿರುಗಾಮುರುಗಾ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಸಿನಿಮಾ ನೋಡಿ ನೋಡಿ ಕಥೆಗೆ ಒಬ್ಬ ವಿಲನ್ ಬೇಕೇ ಬೇಕು ಎಂದುಕೊಂಡಿದ್ದ ಮಕ್ಕಳಿಗೆ ಇದು ಹೊಸದು.

ಮಧ್ಯಾಹ್ನ ಅದನ್ನೇ ನಾಟಕ ಮಾಡಿದೆವು. ಚಿತ್ರದಿಂದ ನಾಟಕಕ್ಕೆ ದಾಟಲು ಸುಲಭದ ಸೇತುವೆ ಸ್ತಬ್ಧಚಿತ್ರ. ಒಂದೊಂದು ಮನೆಯನ್ನೂ ನಾಲ್ಕೈದು ಮಕ್ಕಳು ಮೈಯಿಂದ ಕಟ್ಟಿ ಅಲ್ಲಾಡದೆ ನಿಲ್ಲಬೇಕು. ಚಪ್ಪಾಳೆ ತಟ್ಟಿದರೆ ಜೀವ ಬರಬೇಕು, ಮತ್ತೆ ತಟ್ಟಿದರೆ ಮುಂದಿನ ಮನೆಗೆ ಹೋಗಿ ನಿಲ್ಲಬೇಕು. ಸಾಮಾನ್ಯವಾಗಿ ಮಕ್ಕಳನ್ನು ಸುಮ್ಮನೆ ನಿಲ್ಲಿಸುವುದು ಕಷ್ಟ. ಅಂದು ಜ್ವರಕ್ಕೆ ಕೂತ ಹುಳಗಳಾದ ಹುಡುಗರು ಕಣ್ಣೂ ಮಿಟುಕಿಸಲಿಲ್ಲ. ಹುಳ ಸೊಪ್ಪು ತಿನ್ನುವ ಸದ್ದು ಬೇಕಿತ್ತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಉಜ್ಜಿದರೆ ಸಾಕು ಎಂದು ಒಬ್ಬಳು ಕಂಡುಹಿಡಿದಳು. ಹರಾಜಿನ ದೃಶ್ಯಕ್ಕೆ ಮಾತು ಬೇಕಾಯಿತು. ಆಗ ನಾನು ಕನ್ನಡದಲ್ಲೇ ಆಡಿ ಎನ್ನಲಿಲ್ಲ. ರೈತನಾದವಳು ತೆಲುಗಿನಲ್ಲಿ ಗದರಿಸಿದಳು, ರೀಲರ್ ಆದವನು ಉರ್ದುವಿನಲ್ಲಿ ಚೌಕಾಸಿ ಮಾಡಿದ, ನಡುವೆ ನಿಂತು ಹರಾಜು ಕೂಗಿದವನು ಕನ್ನಡದಲ್ಲಿ ಕೂಗಿದ. ನಿಜವಾದ ಮಾರುಕಟ್ಟೆಯಲ್ಲೂ ಮಾತು ಹೀಗೇ ಬೆರೆತಿರುತ್ತದೆ ತಾನೆ. ಪ್ರೇಕ್ಷಕರಾಗಿ ಕೂತಿದ್ದವರಿಗೆ ಒಂದು ಮಾತೂ ಅರ್ಥವಾಗದೆ ಉಳಿಯಲಿಲ್ಲ.

ಬರಹ ಆಮೇಲೆ ಬಂತು. ಮಾತಿನ ಗುಳ್ಳೆಯೊಳಗೆ ಹಿಡಿಸುವುದು ಆರೇಳು ಪದ. ಅಷ್ಟರಲ್ಲಿ ಹೇಳಬೇಕೆಂದರೆ ಮಗು ಪದಗಳನ್ನು ತೂಗಿ ನೋಡುತ್ತದೆ. ಗುಳ್ಳೆಯಲ್ಲಿ ಮನೆಮಾತು ಕನ್ನಡ ಲಿಪಿಯಲ್ಲಿ ಬರಬಹುದು, ಮೇಲಿನ ನಿರೂಪಣೆಯ ಪಟ್ಟಿ ಮಾತ್ರ ಕನ್ನಡದಲ್ಲಿರಲಿ ಎಂದು ಹೇಳಿದ್ದೆ. ಆ ಹುಡುಗಿ ನಿರೂಪಣೆಗೆಂದು ಶುರು ಮಾಡಿದ್ದು ಪಟ್ಟಿಯಲ್ಲಿ ಹಿಡಿಸದೆ ಹಿಂಬದಿಗೆ ಹೋಯಿತು, ಅಲ್ಲಿಂದ ಇನ್ನೊಂದು ಹಾಳೆಗೆ ಹೋಯಿತು. ಕಾಗುಣಿತದ ತಪ್ಪುಗಳಿದ್ದವು. ತಿದ್ದಲು ಸಮಯವಿದೆ, ತಿದ್ದಲು ಹಾಳೆ ತುಂಬ ಬರೆದ ಕಥೆಯೊಂದು ಇತ್ತಲ್ಲ, ನನಗೆ ಅಷ್ಟು ಸಾಕಾಗಿತ್ತು.

ನಾಲ್ಕು ಮನೆಯ ಈ ಕ್ರಮ ನನ್ನ ಶೋಧವಲ್ಲ. ದೆಹಲಿಯ ವ್ಯಂಗ್ಯಚಿತ್ರಕಾರ ಶರದ್ ಶರ್ಮ ಅವರು ಕಟ್ಟಿದ 'ವರ್ಲ್ಡ್ ಕಾಮಿಕ್ಸ್ ಇಂಡಿಯಾ' ಸಂಸ್ಥೆ ದೇಶದ ಮೂಲೆಮೂಲೆಯ ಹಳ್ಳಿಗಳಲ್ಲಿ ಜನಸಾಮಾನ್ಯರಿಗೆ ಕಲಿಸಿದ ಕ್ರಮ ಇದು. ಎರಡು ಎ-4 ಹಾಳೆ ಸೇರಿಸಿ ನಾಲ್ಕು ಚೌಕದ ಒಂದು ಗೋಡೆಪತ್ರ ಮಾಡುತ್ತಾರೆ. ಕಥೆಯನ್ನು ನಾಲ್ಕು ಭಾಗ ಮಾಡುವುದು, ಪಾತ್ರದ ಮುಖ ನಿರ್ಧರಿಸುವುದು, ಪೆನ್ಸಿಲಿನಲ್ಲಿ ಬಿಡಿಸಿ ಕಪ್ಪು ಶಾಯಿಯಲ್ಲಿ ತಿದ್ದುವುದು, ಜೆರಾಕ್ಸ್ ತೆಗೆಸಿ ಊರಲ್ಲಿ ಅಂಟಿಸುವುದು. ಚೆನ್ನಾಗಿ ಚಿತ್ರ ಬರೆಯಲು ಬರಬೇಕೆಂಬ ಷರತ್ತಿಲ್ಲ. ಕಡ್ಡಿ ಮನುಷ್ಯರನ್ನು ಬರೆದರೂ ಕಥೆ ನಿಲ್ಲುತ್ತದೆ. ಬಣ್ಣ ಬೇಡ, ಕಪ್ಪು ಬಿಳುಪಾದರೆ ಜೆರಾಕ್ಸ್‌ನಲ್ಲಿ ಸ್ಪಷ್ಟ ಬರುತ್ತದೆ, ಖರ್ಚೂ ಕಡಿಮೆ. ಚಿತ್ರಕಲಾ ಶಿಕ್ಷಕಿಯಾಗಿ ನಾನು ಗಟ್ಟಿಯಾಗಿ ಹೇಳಬಲ್ಲೆ: 'ನನಗೆ ಚಿತ್ರ ಬರಲ್ಲ' ಎನ್ನುವ ಮಗುವಿನ ಕಾಮಿಕ್ಸ್ ಎಷ್ಟೋ ಸಲ 'ಚಿತ್ರ ಬರುವ' ಮಗುವಿನದಕ್ಕಿಂತ ಚೆನ್ನಾಗಿರುತ್ತದೆ. ಚಂದದ ಕಣ್ಣು, ಚಂದದ ಕೂದಲು ಬರೆಯುವುದರಲ್ಲೇ ಮುಳುಗಿದವರಿಗೆ ಕಥೆಯನ್ನು ಮುಂದೆ ಸಾಗಿಸಲು ಮನಸ್ಸಿರುವುದಿಲ್ಲ.

ನಾಟಕದ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆ ಬಡ ಜಿಲ್ಲೆಯಲ್ಲ. 'ಕುರುಕ್ಷೇತ್ರ' ನಾಟಕಕ್ಕೆ ರಾತ್ರಿಯಿಡೀ ಕೂರುವ ಊರುಗಳು ಈಗಲೂ ಇವೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಇದ್ದು ಪದ್ಯ ಹೇಳಿಕೊಡುತ್ತಾರೆ. ಹಗಲು ಟೊಮೆಟೊ ಬಿಡಿಸಿದ ಕೈ ರಾತ್ರಿ ಗದೆ ಹಿಡಿಯುತ್ತದೆ. ಅಂಥ ಊರಿಗೆ ಹೋದರೆ ಹಿಂದೆ ಪಾತ್ರ ಮಾಡಿದ ತಾತಂದಿರನ್ನು ಶಾಲೆಗೆ ಕರೆಸುತ್ತೇನೆ. ದುರ್ಯೋಧನ ರಂಗಕ್ಕೆ ಬರುವಾಗ ಮೊದಲ ಹೆಜ್ಜೆ ಹೇಗಿಡಬೇಕು ಎಂದು ಒಬ್ಬ ತಾತ ಎದ್ದು ನಿಂತು ತೋರಿಸಿದರೆ, ನಾನು ಒಂದು ವಾರ ಹೇಳಿಕೊಟ್ಟರೂ ಬಾರದ್ದು ಮಕ್ಕಳಿಗೆ ಆ ಕ್ಷಣದಲ್ಲಿ ಬರುತ್ತದೆ. ಪಕ್ಕದ ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರೊಡನೆ ಕಟ್ಟಿದ 'ಆದಿಮ' ಮಕ್ಕಳ ಮೇಳ, ಹುಣ್ಣಿಮೆಯ ರಾತ್ರಿಗಳ ಹಾಡು ನಾಟಕಗಳ ಮೂಲಕ ಈ ಸೀಮೆಯ ಹಳ್ಳಿಯ ಮಕ್ಕಳಿಗೆ ರಂಗದ ರುಚಿ ಹತ್ತಿಸಿದೆ. ಬೆಂಗಳೂರಿನಲ್ಲಿ ಪ್ರೇಮಾ ಕಾರಂತರ ಬೆನಕ ಮಕ್ಕಳ ಕೇಂದ್ರ, ಮೈಸೂರಿನಲ್ಲಿ ರಂಗಾಯಣದ ಚಿಣ್ಣರ ಮೇಳ ಮಾಡಿದ ಕೆಲಸ ಎಲ್ಲರಿಗೂ ಗೊತ್ತು. ಹಳ್ಳಿಯ ಮಗುವಿಗೆ ಅದು ಕೈಗೆಟುಕುವಂತೆ ಆಗಬೇಕಾದರೆ ಹಳ್ಳಿಯಲ್ಲೇ ಆಗಬೇಕು.

ಚಿಂತಾಮಣಿ ತಾಲ್ಲೂಕಿನ ಕೈವಾರ ಯೋಗಿ ನಾರೇಯಣರ ಊರು. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂಬುದು ಅಲ್ಲಿನವರ ನಂಬಿಕೆ. ಬಕಾಸುರನ ಆಟ ಎಂದರೆ ಹುಡುಗರೆಲ್ಲ ರಾಕ್ಷಸನೋ ಭೀಮನೋ ಆಗಲು ನುಗ್ಗುತ್ತಾರೆ. ನಾನು ಆ ಇಬ್ಬರನ್ನೂ ರಂಗದ ಹೊರಗಿಟ್ಟು ನೋಡಿದೆ. ಆಟ ನಡೆಯಬೇಕಾದ್ದು ಇಂದು ಸರದಿ ಬಂದಿರುವ ಬಡ ಬ್ರಾಹ್ಮಣನ ಮನೆಯೊಳಗೆ. ಬಂಡಿ ಅನ್ನದ ಜೊತೆ ಒಬ್ಬರು ಹೋಗಲೇಬೇಕು. ಮಹಾಭಾರತದಲ್ಲಿ ಈ ಸನ್ನಿವೇಶ ಬಹಳ ಹೃದಯ ಕಲಕುವಂಥದ್ದು. ಅಪ್ಪ ನಾನು ಹೋಗುತ್ತೇನೆ ಎನ್ನುತ್ತಾನೆ, ಅಮ್ಮ ನಾನು ಎನ್ನುತ್ತಾಳೆ, ಮಗಳು ನಾನು ಎನ್ನುತ್ತಾಳೆ. ಒಬ್ಬೊಬ್ಬರಿಗೂ ಒಂದೊಂದು ಕಾರಣ. ಎಲ್ಲರೂ ಅಳುತ್ತಿರುವಾಗ ಇನ್ನೂ ಮಾತು ತೊದಲುವ ಪುಟ್ಟ ಮಗ ಒಂದು ಹುಲ್ಲುಕಡ್ಡಿ ಎತ್ತಿಕೊಂಡು ಇದರಿಂದ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ, ಅಳುತ್ತಿದ್ದವರಿಗೆ ಆ ದುಃಖದಲ್ಲೂ ಸಂತೋಷವಾಗುತ್ತದೆ.

ಹುಲ್ಲುಕಡ್ಡಿಯ ಮಗುವಿನ ಪಾತ್ರಕ್ಕೆ ನಾಲ್ಕನೇ ತರಗತಿಯ ಒಬ್ಬ ಸಿಕ್ಕಿದ. ಅವನು ಬಾಯಿಪಾಠದ ಮಾತು ಆಡಲಿಲ್ಲ. ಅಂಗಳಕ್ಕೆ ಹೋಗಿ ನಿಜವಾಗಿ ಹುಲ್ಲು ಕಿತ್ತು ತಂದ, ಅಮ್ಮನ ಪಾತ್ರದವಳ ಸೆರಗು ಎಳೆದ, "ಏಡವದ್ದಮ್ಮಾ" ಎಂದ, ಅಳಬೇಡ ಎಂದು. ಅವಳಿಗೆ ನಿಜವಾಗಿ ಅಳು ಬಂತು. ಪಾತ್ರಕ್ಕೆ ಏನು ಬೇಕು, ಅದಕ್ಕೆ ಅಡ್ಡ ನಿಂತಿರುವುದು ಏನು: ಈ ಎರಡು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಮಾತು ತಾನಾಗಿ ಹುಟ್ಟುತ್ತದೆ. ಕಥೆ ಬರೆಯುವಾಗಲೂ ಮಗುವಿಗೆ ಬೇಕಾಗುವುದು ಇವೇ ಎರಡು. ಕಾಮಿಕ್ಸ್ ಆರಿಸುವುದನ್ನು ಕಲಿಸಿದರೆ ನಾಟಕ 'ಯಾಕೆ' ಎಂದು ಕೇಳುವುದನ್ನು ಕಲಿಸುತ್ತದೆ. ಅದಕ್ಕೇ ಎರಡೂ ಒಟ್ಟಿಗೆ ಬೇಕು ಎನ್ನುತ್ತೇನೆ.

ಇನ್ನೂ ಚಿಕ್ಕ ಮಕ್ಕಳಿಗೆ ಷಿಕಾಗೊದ ಶಿಕ್ಷಕಿ ವಿವಿಯನ್ ಪೇಲಿ ಅವರ ದಾರಿ ನನಗೆ ಬಹಳ ಇಷ್ಟ. ಅವರು ಶಿಶುವಿಹಾರದ ಮಕ್ಕಳ ಪಕ್ಕ ಕೂತು ಅವರು ಹೇಳಿದ ಕಥೆಯನ್ನು ಅವರ ಮಾತಿನಲ್ಲೇ, ಒಂದಕ್ಷರ ತಿದ್ದದೆ ಬರೆದುಕೊಳ್ಳುತ್ತಿದ್ದರು. ಆಮೇಲೆ ಇಡೀ ತರಗತಿ ಸೇರಿ ಅದನ್ನು ಆಡುತ್ತಿತ್ತು. ಕಥೆ ಹೇಳಿದ ಮಗುವೇ ತನಗೆ ಬೇಕಾದ ಪಾತ್ರ ಆರಿಸಿಕೊಳ್ಳುತ್ತಿತ್ತು. ಗುಜರಾತಿನ ಗಿಜುಭಾಯಿ ಬಧೇಕಾ ಅವರು 'ದಿವಾಸ್ವಪ್ನ'ದಲ್ಲಿ ವರ್ಣಿಸಿದ ಮೇಷ್ಟ್ರೂ ಪಾಠಕ್ಕೆ ಮುಂಚೆ ಕಥೆ ಹೇಳಿ, ಪರದೆ ವೇಷಗಳ ಗೊಡವೆಯಿಲ್ಲದೆ ಮಕ್ಕಳಿಂದ ನಾಟಕ ಆಡಿಸಿದವರು. ಅಂಗನವಾಡಿಯಲ್ಲಿ ಸೀಮೆಸುಣ್ಣದಿಂದ ನೆಲದ ಮೇಲೆ ಒಂದು ಗೆರೆ ಎಳೆದರೆ ರಂಗ ಸಿದ್ಧ.

ಎಲ್ಲ ಕಥೆಗಳೂ ಮನೆಯ ಸುತ್ತಲಿನವೇ ಆಗಬೇಕಿಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸ್ಮಾರಕವನ್ನು ನೋಡಿ ಬಂದ ಮಕ್ಕಳು ಮೊದಲು ಬಿಡಿಸುವುದು ಬಂದೂಕು, ರಕ್ತ. ಎರಡನೇ ಸುತ್ತಿನಲ್ಲಿ ಬಂದೂಕು ಇಲ್ಲದೆ ಬಿಡಿಸಿ ಎಂದಾಗ ಅವರು ಹುಡುಕಲು ಶುರು ಮಾಡುತ್ತಾರೆ: ಚೆಲ್ಲಿದ ಕಡ್ಲೆಪುರಿ, ಒಂಟಿ ಚಪ್ಪಲಿ, ಅಶ್ವತ್ಥದ ಕೆಳಗಿನ ನಾಗರಕಲ್ಲುಗಳ ಹಿಂದೆ ಅವಿತ ಮಗು. ಅದೇ ತಾಲ್ಲೂಕಿನ ಹೊಸೂರಿನ ಬಡ ಹುಡುಗ ಓದಲೆಂದು ಬೆಂಗಳೂರಿಗೆ ನಡೆದೇ ಹೋಗಿ ಮುಂದೆ ಡಾ. ಎಚ್. ನರಸಿಂಹಯ್ಯ ಆದದ್ದು ನಾಟಕಕ್ಕೆ ಒಳ್ಳೆಯ ವಸ್ತು. ಇಡೀ ನಾಟಕ ನಡಿಗೆಯೇ. ದಾರಿಯಲ್ಲಿ ಯಾರು ಸಿಕ್ಕಿರಬಹುದು, ಏನು ಕೇಳಿರಬಹುದು ಎಂಬುದನ್ನು ಮಕ್ಕಳು ಕಟ್ಟಿಕೊಳ್ಳಲಿ. ಪ್ರಶ್ನೆ ಕೇಳುವುದನ್ನೇ ಜೀವನವಿಡೀ ಹೇಳಿದವರ ಕಥೆಯಲ್ಲಿ ಮಕ್ಕಳು ಪ್ರಶ್ನೆ ಕೇಳಲಿ.

ತೊಡಕುಗಳು ಎಲ್ಲರಿಗೂ ಗೊತ್ತಿರುವವೇ. ಎಷ್ಟೋ ಶಾಲೆಗಳಲ್ಲಿ ಚಿತ್ರಕಲೆಗೆ, ನಾಟಕಕ್ಕೆ ಶಿಕ್ಷಕರಿಲ್ಲ. ಪ್ರತಿಭಾ ಕಾರಂಜಿ ಕಥೆ ಹೇಳುವುದಕ್ಕೂ ಚಿತ್ರಕ್ಕೂ ವೇದಿಕೆ ಕೊಟ್ಟಿದೆ, ಅದು ಒಳ್ಳೆಯದು; ಆದರೆ ಸ್ಪರ್ಧೆ ಎಂದ ಕೂಡಲೇ ದೊಡ್ಡವರು ಕಥೆ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತಾರೆ, ಕೈ ಎಲ್ಲಿ ಎತ್ತಬೇಕು ಎಂದೂ ಗುರುತು ಹಾಕಿಕೊಡುತ್ತಾರೆ. "ಗೊಂಬೆ ಬರೆದರೆ ಮಾರ್ಕ್ಸ್ ಬರುತ್ತಾ ಮೇಡಂ?" ಎಂದು ತಂದೆತಾಯಿ ಕೇಳುವುದು ನ್ಯಾಯವೇ. ಅವರಿಗೆ ನಾನು ಮಾತಿನಲ್ಲಿ ಉತ್ತರ ಕೊಡುವುದಿಲ್ಲ. ಮಗು ಶಿಬಿರದ ಮೊದಲ ದಿನ ಬರೆದದ್ದನ್ನೂ ಕೊನೆಯ ದಿನ ಬರೆದದ್ದನ್ನೂ ಅವರ ಕೈಗೆ ಕೊಡುತ್ತೇನೆ.

ಶುರು ಮಾಡಲು ಹೆಚ್ಚೇನೂ ಬೇಡ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಅಲ್ಲಿ ಒಂದು ಚಾಪೆ, ಒಂದು ಬದಿ ಖಾಲಿ ಇರುವ ಹಾಳೆಗಳು, ಪೆನ್ಸಿಲ್, ಒಂದೆರಡು ಕಪ್ಪು ಸ್ಕೆಚ್ ಪೆನ್ ಇದ್ದರೆ ಸಾಕು. ವಾರಕ್ಕೆ ಒಂದು ದಿನ, ಎರಡು ಗಂಟೆ. ದೊಡ್ಡವರು ಪಾಲಿಸಬೇಕಾದ್ದು ಎರಡೇ: ಮಗುವಿನ ಚಿತ್ರದ ಮೇಲೆ ನೀವು ಗೆರೆ ಎಳೆಯಬೇಡಿ, ಕಥೆ ಮುಗಿದ ಮೇಲೆ ನೀತಿ ಏನು ಎಂದು ಕೇಳಬೇಡಿ. ಕೇಳಲೇಬೇಕಿದ್ದರೆ "ಆಮೇಲೇನಾಯ್ತು?" ಎಂದು ಕೇಳಿ.

ಮುಗಿದ ಗೋಡೆಪತ್ರಗಳನ್ನು ಅಂಟಿಸಲು ಶಾಲೆಯ ನೋಟಿಸ್ ಬೋರ್ಡಿಗಿಂತ ಹಾಲಿನ ಡೇರಿಯ ಗೋಡೆ ಮೇಲು. ಬೆಳಗ್ಗೆ ಸಂಜೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರಿಗೆ ಬೇರೆ ಕೆಲಸವಿರುವುದಿಲ್ಲ, ಓದುತ್ತಾರೆ. ಓದಲು ಬಾರದವರು ಚಿತ್ರ ನೋಡಿ ಪಕ್ಕದವರನ್ನು ಕೇಳುತ್ತಾರೆ. ಶಿಡ್ಲಘಟ್ಟದ ಹುಡುಗಿಯ ನಾಲ್ಕು ಮನೆಯನ್ನು ಅಂಟಿಸಿದ ಬೆಳಗ್ಗೆ ಹಾಲು ಹಾಕಲು ಬಂದ ಒಬ್ಬ ಯಜಮಾನರು ಮೂರನೇ ಮನೆಯನ್ನು ಬಹಳ ಹೊತ್ತು ನೋಡಿದರು. "ಚಂದ್ರಿಕೆ ಹಿಂಗೆ ಒರಗಿಸಿದ್ರೆ ಹುಳ ಎಲ್ಲ ಒಂದೇ ಕಡೆ ಸೇರ್ತವೆ ಕಣಮ್ಮ" ಎಂದರು. ಹುಡುಗಿ ಗೋಡೆಯ ಮುಂದೆಯೇ ಕೂತು ಆ ಮನೆಯನ್ನು ಬೇರೆ ಕಾಗದದ ಮೇಲೆ ಮತ್ತೆ ಬಿಡಿಸಿದಳು, ಹಳೆಯದರ ಮೇಲೆ ಅಂಟಿಸಿದಳು. ಆಮೇಲೆ ಸಾಲಿನಲ್ಲಿ ನಿಂತಿದ್ದವರ ನಡುವೆ ನಾಲ್ಕನೇ ಮನೆಯ ಬಗ್ಗೆ ವಾದ ಹುಟ್ಟಿತು. ಕಾಲು ನಿಂತಿರುವ ರೀತಿ ನೋಡಿದರೆ ರೇಟು ಚೆನ್ನಾಗಿಯೇ ಬಂದಿದೆ ಎಂದು ಕೆಲವರು, ಇಲ್ಲ ಎಂದು ಕೆಲವರು. ಅವಳನ್ನು ಕೇಳಿದರು. ಅವಳು ಹೇಳಲಿಲ್ಲ.